ಕಂಪನಿ ನಾಟಕದ ಹಿರಿಯ ನಟಿಯೊಂದಿಗೆ ನಮ್ಮ ಕಾಲೇಜಿನ ‘ರಕ್ತರಾತ್ರಿ’: ಅವರಿಗೆ ಹೇಗೆ ಹೇಳುವುದು?

ಮೂರನೇ ಬೆಲ್ (ಧಾರವಾಡ) · ಸೋಮವಾರ, ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೇನೆ, ನಮ್ಮ ಕಾಲೇಜಿನ ನಾಟಕ ಸಂಘದ ಸಂಚಾಲಕಿ. ಈ ವರ್ಷ ನಾವು ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಎತ್ತಿಕೊಂಡಿದ್ದೇವೆ. ನಾಟಕ ಪೂರ್ತಿಯಾಗಿ ಅಲ್ಲ, ಆಯ್ದ ದೃಶ್ಯಗಳನ್ನು ಸೇರಿಸಿ ಒಂದೂಕಾಲು ಗಂಟೆಗೆ ಇಳಿಸಿದ್ದೇವೆ. ನಿರ್ದೇಶನ ಮಾಡುತ್ತಿರುವವನು ಬಿ.ಎ. ಕೊನೆಯ ವರ್ಷದ ಹುಡುಗ. ಅವನ ಕಲ್ಪನೆ ಹೀಗಿದೆ: ಅಶ್ವತ್ಥಾಮ ಶಿಬಿರಕ್ಕೆ ನುಗ್ಗಿ ಮಲಗಿದ್ದ ಐದು ಮಕ್ಕಳನ್ನು ಕೊಂದ ಆ ಒಂದೇ ರಾತ್ರಿಯಲ್ಲಿ ದ್ರೌಪದಿಗೆ ವಯಸ್ಸಾಗಿಬಿಡುತ್ತದೆ. ಆದ್ದರಿಂದ ರಾತ್ರಿಗೆ ಮುಂಚಿನ ದ್ರೌಪದಿ ನಮ್ಮ ವಿದ್ಯಾರ್ಥಿನಿ, ಬೆಳಗಾದ ಮೇಲಿನ ದ್ರೌಪದಿ ಎಪ್ಪತ್ತು ದಾಟಿದ ಹೆಂಗಸು.

ಆ ಎರಡನೆಯ ದ್ರೌಪದಿಗಾಗಿ ಹುಬ್ಬಳ್ಳಿಯಲ್ಲಿರುವ ಒಬ್ಬ ಹಿರಿಯ ನಟಿಯನ್ನು ಕೇಳಿದೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವ್ವ ಎನ್ನುತ್ತೇನೆ, ನಾವೆಲ್ಲ ಹಾಗೆಯೇ ಕರೆಯುತ್ತೇವೆ. ಒಂಬತ್ತನೆಯ ವಯಸ್ಸಿಗೆ ತಾಯಿಯ ಜೊತೆ ವೃತ್ತಿ ನಾಟಕ ಕಂಪನಿ ಸೇರಿದವರು. ನಲವತ್ತೈದು ವರ್ಷ ಊರಿಂದೂರಿಗೆ ಕ್ಯಾಂಪು. ನನ್ನ ಅಜ್ಜಿ ಬನಶಂಕರಿ ಜಾತ್ರೆಯಲ್ಲಿ ಅವರ ದ್ರೌಪದಿಯನ್ನು ನೋಡಿ ಬಂದು ಮೂರು ದಿನ ಮನೆಯಲ್ಲಿ ಅದನ್ನೇ ಮಾತಾಡುತ್ತಿದ್ದಳಂತೆ. ಅವರು ಒಪ್ಪಿಕೊಂಡ ದಿನ ನಾನು ಬಸ್ಸಿನಲ್ಲಿ ಅತ್ತಿದ್ದೇನೆ.

ತಾಲೀಮು ಶುರುವಾಗಿ ಹತ್ತು ದಿನವಾಯಿತು. ಅವರು ಬಂದ ಕೂಡಲೇ ಇಡೀ ಕೋಣೆ ಮೌನವಾಗುತ್ತದೆ. ಎಲ್ಲರೂ ಕಾಲಿಗೆ ನಮಸ್ಕರಿಸುತ್ತಾರೆ, ಕುರ್ಚಿ ತರುತ್ತಾರೆ, ಚಹಾ ತರುತ್ತಾರೆ. ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಮೊದಲ ದಿನವೇ ಅವರು ನಿರ್ದೇಶಕನನ್ನು ಕೇಳಿದರು: “ತಮ್ಮಾ, ನಾನು ಎಲ್ಲಿ ನಿಲ್ಲಬೇಕು?” ಇವನು, “ನಿಮಗೆ ಸರಿ ಎನಿಸಿದಲ್ಲಿ ನಿಲ್ಲಿ ಅವ್ವಾ” ಎಂದ. ಅವರು ರಂಗದ ಮುಂಭಾಗದ ನಟ್ಟನಡುವೆ ಬಂದು, ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತರು. ಅಂದಿನಿಂದ ದಿನವೂ ಅಲ್ಲಿಯೇ ನಿಲ್ಲುತ್ತಾರೆ. ನಮ್ಮ ಹುಡುಗರ ಮಾತು ಮನೆಯಲ್ಲಿ ಮಾತಾಡುವ ಹಾಗಿದೆ, ಅವರ ಮಾತು ಕಾಲೇಜಿನ ಗೇಟಿನವರೆಗೆ ಕೇಳುತ್ತದೆ. ಮಾತುಗಳೂ ದಿನಕ್ಕೊಂದು ರೀತಿ ಬರುತ್ತಿವೆ. ಒಂದು ದಿನ ಇದ್ದ ಸಾಲು ಮರುದಿನ ಇರುವುದಿಲ್ಲ, ಎದುರಿನ ಪಾತ್ರಧಾರಿಗೆ ಎಲ್ಲಿ ಮಾತು ಎತ್ತಿಕೊಳ್ಳಬೇಕೆಂದು ತಿಳಿಯುವುದಿಲ್ಲ. ಆದರೂ ಯಾರೂ ಏನೂ ಹೇಳಿಲ್ಲ. ಹೇಳುವುದು ಹೇಗೆ? ನಲವತ್ತೈದು ವರ್ಷ ದ್ರೌಪದಿ ಮಾಡಿದವರಿಗೆ ಇಪ್ಪತ್ತೊಂದು ವರ್ಷದ ಹುಡುಗ ಏನು ಹೇಳಬೇಕು?

ನಿನ್ನೆ ಹೋಗುವಾಗ ಅವರು ನನ್ನ ಕಡೆ ನೋಡಿ, “ತಂಗೀ, ನನ್ನನ್ನು ಯಾಕೆ ಕರೆದಿರಿ?” ಎಂದು ಕೇಳಿದರು. ಸಿಟ್ಟಿನಿಂದಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಪ್ರದರ್ಶನಕ್ಕೆ ಹದಿನೆಂಟು ದಿನ ಉಳಿದಿದೆ. ಇಂಥ ಅನುಭವ ಇದ್ದವರು ದಯವಿಟ್ಟು ದಾರಿ ಹೇಳಿ.

ನೇಪಥ್ಯ (ಮೈಸೂರು) · ಸೋಮವಾರ, ರಾತ್ರಿ 11.05

ಅವರು ನಿಮ್ಮ ಹುಡುಗನನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಹತ್ತು ದಿನವಾದರೂ ಅದಕ್ಕೆ ಉತ್ತರ ಸಿಕ್ಕಿಲ್ಲ. ಮೊದಲು ಆ ಉತ್ತರ ಕೊಡಿ.

ಎಲ್ಲಿ ನಿಲ್ಲಬೇಕು ಎಂದು ಕೇಳುವುದು ವೃತ್ತಿಯ ಮಾತು. ಎಷ್ಟೇ ಹೆಸರಿದ್ದರೂ ಹೊಸ ಕಂಪನಿಗೆ ಹೋದ ನಟಿ ಮೊದಲು ವಿಚಾರಿಸುವುದು ಇದನ್ನೇ: ಪ್ರವೇಶ ಯಾವ ವಿಂಗಿನಿಂದ (ರಂಗದ ಪಕ್ಕದ ಮರೆಯಿಂದ), ನಿರ್ಗಮನ ಯಾವ ಕಡೆ, ಎದುರು ಯಾರು, ಪೇಟಿ (ಹಾರ್ಮೋನಿಯಂ) ಯಾವ ಬದಿಗೆ. “ನಿಮಗೆ ಸರಿ ಎನಿಸಿದಲ್ಲಿ” ಎಂಬ ಉತ್ತರ ನಿಮಗೆ ಗೌರವದಂತೆ ಕೇಳಿಸಿದೆ. ಅವರಿಗೆ ಅದು “ಈ ನಾಟಕದಲ್ಲಿ ನಿಮಗೆಂದು ಜಾಗ ಇಟ್ಟಿಲ್ಲ” ಎಂದು ಕೇಳಿಸಿರಬಹುದು. ಜಾಗ ತಿಳಿಯದ ನಟಿ ತನಗೆ ಗೊತ್ತಿರುವ ಜಾಗಕ್ಕೆ ಹೋಗಿ ನಿಲ್ಲುತ್ತಾಳೆ. ಕಂಪನಿಯಲ್ಲಿ ಅದು ರಂಗದ ಮುಂದಿನ ನಡುವೆ. ಅವರು ಮಾಡಿದ್ದು ಅಷ್ಟೇ.

ನಾನು ಹವ್ಯಾಸಿ ತಂಡಗಳಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಹಿರಿಯರನ್ನು ಕರೆತಂದು, ಹೂವಿನ ಹಾಗೆ ಇಟ್ಟುಕೊಂಡು, ಕೊನೆಗೆ ಅವರೂ ನೊಂದು ನಾವೂ ನೊಂದ ಒಂದು ನಾಟಕ ನನ್ನ ಮನಸ್ಸಿನಲ್ಲಿ ಇನ್ನೂ ಹುಣ್ಣಾಗಿದೆ. ಆ ತಪ್ಪನ್ನು ನೀವು ಮಾಡಬಾರದು ಎಂದೇ ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ.

ಹಳೆಯ ಕನಾತು (ಗದಗ) · ಮಂಗಳವಾರ, ಬೆಳಗ್ಗೆ 6.40

ನನಗೆ ಬೇರೆ ಅಭಿಪ್ರಾಯವಿದೆ. ಕ್ಷಮೆ ಇರಲಿ, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಅವರ ಮಾತು ಗೇಟಿನವರೆಗೆ ಕೇಳುತ್ತದೆ ಎಂದು ನೀವು ಅದನ್ನೊಂದು ತೊಂದರೆ ಎಂಬಂತೆ ಬರೆದಿದ್ದೀರಿ. ತಗಡಿನ ಥಿಯೇಟರಿನಲ್ಲಿ, ಹೊರಗೆ ಜಾತ್ರೆಯ ಗದ್ದಲ, ಮೇಲೆ ಮಳೆಯ ಸದ್ದು, ನೆಲದ ಟಿಕೆಟ್ಟಿನಲ್ಲಿ ಕುಳಿತ ಕೊನೆಯ ರೈತನಿಗೂ ಪ್ರತಿ ಅಕ್ಷರ ಮುಟ್ಟಬೇಕಿತ್ತು. ಆ ದನಿ ಅಲ್ಲಿ ತಯಾರಾದದ್ದು. ಪ್ರೇಕ್ಷಕರ ಕಡೆ ಮುಖ ಮಾಡಿ ನಿಲ್ಲುವುದೂ ಅಷ್ಟೆ. ಕಂಪನಿ ನಾಟಕದಲ್ಲಿ ಪ್ರೇಕ್ಷಕ ಕದ್ದು ನೋಡುವವನಲ್ಲ, ದ್ರೌಪದಿ ಅವನನ್ನೇ ಕೇಳುತ್ತಾಳೆ, ಅವನೇ ಸಾಕ್ಷಿ. ಕಂದಗಲ್ ಹನುಮಂತರಾಯರು ಮಾತು ಬರೆದದ್ದು ಆ ದನಿಗೆ, ಆ ನಿಲುವಿಗೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಇದೇ ನಾಟಕದ ದ್ರೌಪದಿಯಾಗಿ ಹಾಡುತ್ತಿದ್ದರೆ ಜನ ಉಸಿರು ಹಿಡಿದು ಕೂರುತ್ತಿದ್ದರು. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ, ತಾವೇ ಭೀಮ ಆಗಿ ನಿಂತರು. ಆ ಹೆಣ್ಣುಮಕ್ಕಳು ಮೆಲುದನಿಯಲ್ಲಿ ಭೀಮನನ್ನು ಮಾಡಲಿಲ್ಲ.

ನೀವು ಕಂಪನಿ ನಾಟಕ ಆರಿಸಿಕೊಂಡಿರಿ, ಕಂಪನಿಯ ನಟಿಯನ್ನು ಕರೆದಿರಿ. ಹಾಗಿದ್ದ ಮೇಲೆ ಬಾಗಬೇಕಾದವರು ಯಾರು? ನಿಮ್ಮ ಹುಡುಗರು ಆ ದನಿಯ ಹತ್ತಿರಕ್ಕೆ ಏರಲಿ. ಅವ್ವನನ್ನು ಕೆಳಗಿಳಿಸಬೇಡಿ.

ನೇಪಥ್ಯ (ಮೈಸೂರು) · ಮಂಗಳವಾರ, ಬೆಳಗ್ಗೆ 8.15

ಕನಾತು ಅವರೇ, ದನಿಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಎರಡೂ ರೀತಿಗಳ ನಡುವೆ ಗೋಡೆ ಇದೆ ಎಂದು ನಾನು ನಂಬುವುದಿಲ್ಲ. ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿ ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದವರು. ಕಾಶಿಗೆ ಹೋಗಿ ಓದಿದರು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, 1989ರಲ್ಲಿ ಮೈಸೂರಿಗೆ ರಂಗಾಯಣ ಎಂಬ ರಂಗಸಂಸ್ಥೆ ತಂದರು. ಅಷ್ಟು ದೂರ ಹೋದರೂ ಕಂಪನಿಯ ಹಾಡು ಅವರ ಜೊತೆಗೇ ನಡೆಯಿತು, ಆದರೆ ಹೊಸ ರಂಗದ ಮೇಲೆ ಆ ಹಾಡಿನ ಕೆಲಸ ಬದಲಾಯಿತು. ಆ ನಿರ್ದೇಶಕ ಹುಡುಗ ಕೇಳಬೇಕಾದದ್ದೂ ಅದನ್ನೇ: ಈ ದೊಡ್ಡ ದನಿಗೆ ನನ್ನ ನಾಟಕದಲ್ಲಿ ಏನು ಕೆಲಸ? ಎಂದು.

ಇನ್ನೊಂದು ಮಾತು. ಯಾರು ಯಾರಿಗೆ ಬಾಗಬೇಕು ಎಂಬುದನ್ನು ನಾವು ಇಲ್ಲಿ ಕುಳಿತು ತೀರ್ಮಾನಿಸುತ್ತಿದ್ದೇವೆ. ಅವ್ವನನ್ನು ಯಾರಾದರೂ ಕೇಳಿದ್ದಾರೆಯೇ?

ಪೇಟಿ ಮಾಸ್ತರರ ಮಗ (ಹುಬ್ಬಳ್ಳಿ) · ಮಂಗಳವಾರ, ಮಧ್ಯಾಹ್ನ 1.30

ನನ್ನ ತಂದೆ ಮೂವತ್ತೊಂದು ವರ್ಷ ಕಂಪನಿಗಳಲ್ಲಿ ಕಾಲುಪೇಟಿ ನುಡಿಸಿದವರು. ಈಗ ಬೆರಳು ನಡುಗುತ್ತದೆ, ಕಿವಿ ಮಾತ್ರ ಹಾಗೆಯೇ ಇದೆ. ನಿಮ್ಮ ಬರಹವನ್ನು ಅವರಿಗೆ ಓದಿ ಹೇಳಿದೆ. ಅವರು ಕೇಳಿದ ಪ್ರಶ್ನೆಗಳು ಇವು.

ಹಾಡು ಯಾವ ಶ್ರುತಿಗೆ? ಹರೆಯದಲ್ಲಿ ಕಪ್ಪು ನಾಲ್ಕಕ್ಕೆ (ಪೇಟಿಯ ನಾಲ್ಕನೆಯ ಕಪ್ಪು ಮನೆಯ ಶ್ರುತಿಗೆ) ಹಾಡುತ್ತಿದ್ದ ನಟಿಯರು ಎಪ್ಪತ್ತರ ನಂತರ ಬಿಳಿ ನಾಲ್ಕಕ್ಕೆ ಬರುತ್ತಾರೆ, ಅಂದರೆ ಪೇಟಿಯ ಮೇಲೆ ಮೂರು ಮನೆ ಕೆಳಗೆ. ಅದನ್ನು ಅವರ ಬಾಯಿಂದ ಎಲ್ಲರೆದುರು ಹೇಳಿಸಬೇಡಿ. ಪೇಟಿ ನುಡಿಸುವವರು ಮೊದಲೇ ಒಬ್ಬರೇ ಹೋಗಿ ಕುಳಿತು, ಒಂದೊಂದೇ ಮನೆ ಒತ್ತಿ, ಅವರ ಗಂಟಲು ಎಲ್ಲಿ ಸುಖವಾಗಿ ಕೂರುತ್ತದೆ ಎಂದು ನೋಡಿ ಬರಬೇಕು. ಅಂದಹಾಗೆ ಪೇಟಿ ಇದೆಯೇ, ಅಥವಾ ಮೊಬೈಲಿನಿಂದ ಸಂಗೀತ ಹಾಕುತ್ತಿದ್ದೀರಾ? ಧ್ವನಿಮುದ್ರಿತ ಸಂಗೀತವಾದರೆ ಇವತ್ತೇ ನಿಲ್ಲಿಸಿ. ಕಂಪನಿಯಲ್ಲಿ ನಟಿ ಎಲ್ಲಿ ಉಸಿರು ತೆಗೆದುಕೊಂಡರೆ ಪೇಟಿ ಅಲ್ಲಿ ಕಾಯುತ್ತಿತ್ತು. ಮೊದಲೇ ತುಂಬಿಟ್ಟ ಸಂಗೀತ ಯಾರಿಗೂ ಕಾಯುವುದಿಲ್ಲ. ಅವರು ಎರಡು ಮಾತ್ರೆ ಹೆಚ್ಚು ಎಳೆದರೆ, ಅದು ಅವರ ತಪ್ಪಿನಂತೆ ಕಾಣುತ್ತದೆ.

ಸಂಭಾವನೆ ಎಷ್ಟು? ನೀವು ಬರೆದೇ ಇಲ್ಲ, ಆದ್ದರಿಂದ ಮಾತಾಡಿಲ್ಲ ಎಂದು ತಂದೆಯವರ ಊಹೆ. ವೃತ್ತಿಯವರಿಗೆ ದುಡ್ಡಿನ ಮಾತು ಅವಮಾನವಲ್ಲ. ಅವರು ತಾವಾಗಿ ಕೇಳುವುದಿಲ್ಲ. ಬರುವ ಮಾಸಾಶನದಲ್ಲಿ ಬದುಕುವವರು ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಬಸ್ಸಿಗೆ, ಆಟೋಗೆ ಕೈಯಿಂದ ಹಾಕುತ್ತಿದ್ದರೆ ನಿಮ್ಮ ನಮಸ್ಕಾರಗಳಿಗೆ ಏನು ಅರ್ಥ?

ಬಣ್ಣ ಯಾರು ಹಚ್ಚುತ್ತಾರೆ? ಅವರ ಮುಖಕ್ಕೆ ಅವರೇ ಹಚ್ಚಿಕೊಳ್ಳಲಿ. ಒಂದು ಒಳ್ಳೆಯ ಕನ್ನಡಿ, ನೆಟ್ಟಗೆ ಬೀಳುವ ದೀಪ, ಬೆನ್ನಿಗೆ ಆಸರೆ ಇರುವ ಕುರ್ಚಿ ಇಡಿ. ಪ್ರದರ್ಶನಕ್ಕೆ ಎರಡು ಗಂಟೆ ಮೊದಲು ಆ ಕೋಣೆಗೆ ಯಾರೂ ಫೋಟೋ ತೆಗೆಯಲು ನುಗ್ಗಬಾರದು.

ಹೊನ್ನಾವರದ ಹಾದಿ · ಮಂಗಳವಾರ, ಸಂಜೆ 7.10

ನಾನು ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ಕಲಿತವನು, ಕಂಪನಿ ನಾಟಕ ನನಗೆ ಹೊರಗಿನದು. ಆದರೆ ಕಾಲೇಜು ಹುಡುಗರು ದೊಡ್ಡ ಕಲಾವಿದರ ಎದುರು ನಿಲ್ಲುವುದು ನಮ್ಮ ಕಡೆ ಬಹಳ ಸಲ ನಡೆಯುತ್ತದೆ. ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಯಕ್ಷಗಾನ ಶಿಕ್ಷಣ ಕೇಂದ್ರ ಆರಂಭಿಸಿದ ಮೇಲಂತೂ ಇದು ನಮಗೆ ಕಣ್ಣೆದುರಿನ ಸಂಗತಿ.

ಯಕ್ಷಗಾನದಲ್ಲಿ ಪದ್ಯ ಮೊದಲೇ ಇರುತ್ತದೆ, ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಅಲ್ಲಿಯೇ ಹುಟ್ಟುತ್ತದೆ. ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಿರಿಯರೊಬ್ಬರು ಕೃಷ್ಣ, ನಾನು ಅರ್ಜುನ. ನಾನು ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳು ಮುಗಿದ ಕೂಡಲೇ ಅವರು ನಾನು ಎಣಿಸಿರದ ಒಂದು ಪ್ರಶ್ನೆ ಹಾಕಿದರು. ನನ್ನ ಕಾಲು ತಣ್ಣಗಾಯಿತು. ಅವರು ಅದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿದರು, ಮೂರನೆಯ ಸಲ ಕೇಳುವಾಗ ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟಿದ್ದರು. ನಾನು ಅದನ್ನು ಎತ್ತಿಕೊಂಡೆ. ಅಂದು ನನ್ನನ್ನು ಅವರು ಪರೀಕ್ಷೆ ಮಾಡಿದರು ಎಂದು ಬಹಳ ದಿನ ತಿಳಿದಿದ್ದೆ. ಈಗ ತಿಳಿಯುತ್ತದೆ, ಅವರು ಮಾತಾಡಲು ಒಬ್ಬ ಜೊತೆಗಾರನನ್ನು ಹುಡುಕುತ್ತಿದ್ದರು.

ಹಾಗೆಯೇ, ರಂಗದ ಮೇಲೆ ಎಂಥ ದೊಡ್ಡ ವೇಷಧಾರಿಯಾದರೂ ಆಟ ನಡೆಸುವ ಹಾಡುಗಾರ ಭಾಗವತರು ಪದ್ಯ ಎತ್ತುವವರೆಗೆ ಕಾಯುತ್ತಾನೆ. ಭಾಗವತರು ವಯಸ್ಸಿನಲ್ಲಿ ಚಿಕ್ಕವರಿದ್ದರೂ ಸರಿ. ಅಲ್ಲಿ ವಯಸ್ಸಿನ ಮಾತು ಬರುವುದಿಲ್ಲ, ಜಾಗಟೆ ಯಾರ ಕೈಯಲ್ಲಿದೆ ಎಂಬುದಷ್ಟೇ ಮುಖ್ಯ. ನಿಮ್ಮ ನಿರ್ದೇಶಕನ ಕೈಯಲ್ಲಿ ಈಗ ಜಾಗಟೆ ಇದೆ, ಅವನು ಅದನ್ನು ಕೆಳಗಿಟ್ಟು ಕೈಮುಗಿದು ನಿಂತಿದ್ದಾನೆ. ಆಟ ಮುಂದೆ ಹೋಗುವುದು ಹೇಗೆ?

ಚಾವಡಿ ಪಾಠ (ಶಿವಮೊಗ್ಗ) · ಬುಧವಾರ, ಬೆಳಗ್ಗೆ 9.00

ನಾನು ಕಾಲೇಜು ಅಧ್ಯಾಪಕಿ. ಎರಡೇ ಮಾತು. ನಾಟಕವನ್ನು ಅಂತರಕಾಲೇಜು ಸ್ಪರ್ಧೆಗೂ ಒಯ್ಯುವ ಯೋಚನೆ ಇದ್ದರೆ ನಿಯಮಗಳನ್ನು ಈಗಲೇ ಓದಿ. ಇಂಥ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಗಳಷ್ಟೇ ಅಭಿನಯಿಸಬೇಕು. ಕೊನೆಯ ವಾರ ಅವರನ್ನು ತೆಗೆದು ಇನ್ನೊಬ್ಬ ಹುಡುಗಿಯನ್ನು ಹಾಕುವ ಸ್ಥಿತಿ ಬಂದರೆ ಅದು ಕ್ಷಮೆಗೆ ಮೀರಿದ್ದು. ಮತ್ತೆ, ಪೋಸ್ಟರ್ ಮಾಡಿಸುವಾಗ ಅವರ ಮುಖ ದೊಡ್ಡದಾಗಿ, ‘ವಿಶೇಷ ಆಹ್ವಾನಿತರು’ ಎಂದು ಹಾಕಬೇಡಿ. ಪಾತ್ರವರ್ಗದಲ್ಲಿ ‘ದ್ರೌಪದಿ’ ಎಂಬುದರ ಮುಂದೆ ಎರಡು ಹೆಸರು ಬರಲಿ, ನಿಮ್ಮ ವಿದ್ಯಾರ್ಥಿನಿಯದೂ ಅವರದೂ, ಒಂದೇ ಅಳತೆಯ ಅಕ್ಷರದಲ್ಲಿ.

ಮೂರನೇ ಬೆಲ್ (ಧಾರವಾಡ) · ಗುರುವಾರ, ರಾತ್ರಿ 11.40

ಎಲ್ಲರ ಮಾತನ್ನೂ ನಿರ್ದೇಶಕನಿಗೆ ತೋರಿಸಿದೆ. ಅವನು ಒಂದು ದಿನ ನನ್ನೊಂದಿಗೆ ಮಾತಾಡಲಿಲ್ಲ. ಇಂದು ಬೆಳಗ್ಗೆ ತಾನಾಗಿಯೇ ಬಂದು, “ಅವ್ವನ ಮನೆಗೆ ಹೋಗೋಣ” ಎಂದ. ಹುಬ್ಬಳ್ಳಿಗೆ ಹೋಗಿ ಬಂದು ಈಗ ಬರೆಯುತ್ತಿದ್ದೇನೆ. ಕೈ ಇನ್ನೂ ನಡುಗುತ್ತಿದೆ.

ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಗೆ ಮೂರು ಫೋಟೋ. ಕಪಾಟಿನ ಮೇಲೆ ಮಡಿಸಿಟ್ಟ ಶಾಲುಗಳು. ನಾವು ಸುಮ್ಮನೆ ಕುಳಿತಿದ್ದಾಗ ಅವರೇ ಮಾತು ತೆಗೆದರು. “ಹನ್ನೆರಡು ಶಾಲು ಇವೆ ತಂಗೀ. ನೀವೂ ಹದಿಮೂರನೆಯದು ಹೊದಿಸಲು ಕರೆದಿರಿ ಎಂದುಕೊಂಡೆ. ಒಳ್ಳೆಯ ಮಕ್ಕಳು, ಇರಲಿ ಎಂದು ಬಂದೆ. ಆಮೇಲೆ ನೋಡಿದರೆ ನಾಟಕದ ಪುಸ್ತಕ ಕೈಗೆ ಕೊಟ್ಟಿರಿ.”

ನಿರ್ದೇಶಕ ಆಗ ಹೇಳಿದ: “ಅವ್ವಾ, ನೀವು ಎಲ್ಲಿ ನಿಲ್ಲಬೇಕು ಎಂದು ಕೇಳಿದ್ದಿರಿ. ನನಗೆ ಆಗ ಹೇಳಲು ಭಯವಾಯಿತು. ನೀವು ಹಿಂದೆ, ಎಡಗಡೆಯ ವಿಂಗಿನ ಹತ್ತಿರದಿಂದ ಬರಬೇಕು. ಮುಂದೆ ಬರುವುದು ಹಾಡಿನ ಹೊತ್ತಿಗೆ ಮಾತ್ರ.” ಹೇಳಿ ತಲೆ ತಗ್ಗಿಸಿದ. ಅವರು, “ಎಷ್ಟು ಹೆಜ್ಜೆ?” ಎಂದರು. ಇವನಿಗೆ ಗೊತ್ತಿರಲಿಲ್ಲ. “ಏಳು ಹೆಜ್ಜೆ ಆದೀತು. ನನ್ನ ಮಂಡಿಗೆ ಒಂಬತ್ತಾಗುತ್ತದೆ. ಪೇಟಿಯವರಿಗೆ ಹೇಳು, ಒಂಬತ್ತು ಹೆಜ್ಜೆಗೆ ಸ್ವರ ಬೇಕು” ಎಂದರು. ಆ ಕ್ಷಣದಲ್ಲಿ ಅವರ ಮುಖ ಬೇರೆಯೇ ಆಯಿತು. ಹತ್ತು ದಿನ ನಾವು ಕಂಡಿದ್ದ ಶಾಂತ ಮುದುಕಿ ಅಲ್ಲಿರಲಿಲ್ಲ.

ಮಾತುಗಳು ದಿನಕ್ಕೊಂದು ರೀತಿ ಬರುವ ವಿಷಯ ಎತ್ತಲು ನನಗೆ ಬಾಯಿಯೇ ಬರಲಿಲ್ಲ. ಅದನ್ನೂ ಅವರೇ ಎತ್ತಿದರು. “ನಿಮ್ಮ ನಾಟಕದಲ್ಲಿ ಪ್ರಾಂಪ್ಟರ್ ಎಲ್ಲಿ?” ಎಂದರು. ಮರೆಯಲ್ಲಿ ಕುಳಿತು ಮಾತು ನೆನಪಿಸಿಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ, ಎಲ್ಲರೂ ಬಾಯಿಪಾಠ ಮಾಡುತ್ತೇವೆ ಎಂದೆ. ಅವರು ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತರು. ಆಮೇಲೆ ಹೇಳಿದರು: “ಕಂಪನಿಯಲ್ಲಿ ಇವತ್ತು ಒಂದು ನಾಟಕ, ನಾಳೆ ಒಂದು ನಾಟಕ. ವಿಂಗಿನಲ್ಲಿ ಪ್ರಾಂಪ್ಟರ್ ಕುಳಿತಿರುತ್ತಿದ್ದ. ಅವನಿದ್ದಾನೆ ಎಂಬ ಧೈರ್ಯದಲ್ಲಿ ಮಾತು ತಾನಾಗಿಯೇ ಬರುತ್ತಿತ್ತು. ಈಗ ಪುಸ್ತಕ ಓದಿದರೆ ಸಂಜೆಗೆ ನೆನಪಿರುವುದಿಲ್ಲ. ನಿಮ್ಮ ಹುಡುಗರೆಲ್ಲ ಕಾಗದ ಇಲ್ಲದೆ ಪಟಪಟ ಹೇಳುತ್ತಾರೆ. ನಾನು ಹೇಗೆ ಕೇಳಲಿ? ಹಳೆಯ ನಾಟಕದ ಮಾತು ಸೇರಿಸಿ ದಾಟಿಸುತ್ತಿದ್ದೆ.”

ನಾವು ಅದನ್ನು ದೊಡ್ಡ ಕಲಾವಿದೆಯ ಸ್ವಾತಂತ್ರ್ಯ ಎಂದು ತಿಳಿದಿದ್ದೆವು. ಅವರು ಹತ್ತು ದಿನ ನಮ್ಮೆದುರು ಭಯದಲ್ಲಿ ನಿಂತಿದ್ದರು. ನಾವೂ ಅವರೆದುರು ಭಯದಲ್ಲಿದ್ದೆವು. ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ. ಒಬ್ಬರಾದರೂ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತುಕೊಂಡಿದ್ದರೆ ಮೊದಲ ದಿನವೇ ಎಲ್ಲವೂ ತಿಳಿಯುತ್ತಿತ್ತು.

ಸಂಭಾವನೆಯ ಮಾತನ್ನು ನಾನೇ ಆಡಿದೆ, ಸಂಕೋಚದಿಂದ. “ಕಂಪನಿಯಲ್ಲಿ ಮೊದಲು ಸಂಬಳದ ಮಾತು, ಆಮೇಲೆ ಪಾತ್ರದ ಮಾತು” ಎಂದರು, ಸಹಜವಾಗಿ. ಸಂಘದ ದುಡ್ಡಿನಲ್ಲಿ ವೇಷಭೂಷಣಕ್ಕೆ ತೆಗೆದಿಟ್ಟದ್ದನ್ನು ಕಡಿಮೆ ಮಾಡಿ ಅವರಿಗೆ ಕೊಡುತ್ತಿದ್ದೇವೆ, ಓಡಾಟಕ್ಕೆ ಬೇರೆ. ಸ್ಪರ್ಧೆಯ ನಿಯಮ ನೋಡಿದೆವು, ಅಧ್ಯಾಪಕಿಯವರು ಹೇಳಿದಂತೆಯೇ ಇತ್ತು. ಸ್ಪರ್ಧೆ ಬಿಟ್ಟೆವು. ನಾಲ್ಕು ಹುಡುಗರಿಗೆ ಬೇಸರವಾಗಿದೆ, ಒಬ್ಬ ನಾಟಕವನ್ನೇ ಬಿಟ್ಟ.

ನಾಳೆಯಿಂದ ಪ್ರಾಂಪ್ಟರ್ ನಾನು. ಆ ಕೆಲಸ ನನಗೆ ಒಂದಿಷ್ಟೂ ಗೊತ್ತಿಲ್ಲ. ಯಾರಾದರೂ ಕಲಿಸಿ.

ನೇಪಥ್ಯ (ಮೈಸೂರು) · ಶುಕ್ರವಾರ, ಬೆಳಗ್ಗೆ 5.50

ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಿಂತುಕೊಳ್ಳಬೇಡಿ, ಕುಳಿತುಕೊಳ್ಳಿ. ನಿಂತ ಪ್ರಾಂಪ್ಟರ್ ಅಲುಗಾಡುತ್ತಾನೆ, ನಟಿಯ ಕಣ್ಣು ಅತ್ತ ಹೋಗುತ್ತದೆ. ಅವರಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು ವಿಚಾರಿಸಿ, ಆ ಕಡೆಯ ವಿಂಗಿನಲ್ಲಿ ಕೂರಿ. ಟಾರ್ಚಿಗೆ ಬಣ್ಣದ ಕಾಗದ ಸುತ್ತಿ. ಪೂರ್ತಿ ಸಾಲು ಹೇಳಬೇಡಿ, ಮೊದಲ ಪದ ಸಾಕು. ಅದೂ ಹಿಂದಿನ ಸಾಲಿನ ಕೊನೆಯ ಅಕ್ಷರ ಅವರ ಬಾಯಲ್ಲಿರುವಾಗಲೇ ಮುಟ್ಟಬೇಕು. ಪಿಸುಗುಟ್ಟಬೇಡಿ, ಪಿಸುಮಾತು ಪ್ರೇಕ್ಷಕರಿಗೆ ಕೇಳಿಸುತ್ತದೆ, ನಟಿಗೆ ಕೇಳಿಸುವುದಿಲ್ಲ. ತಗ್ಗಿದ ಎದೆದನಿಯಲ್ಲಿ ಹೇಳಿ.

ಕಷ್ಟದ್ದು ಒಂದೇ. ಅವರು ಬೇಕೆಂದೇ ಮೌನ ಇಟ್ಟಾಗ ಪದ ಎಸೆದರೆ ಆ ಮೌನ ಸತ್ತುಹೋಗುತ್ತದೆ. ಉಸಿರನ್ನು ನೋಡಿ. ಮರೆತಾಗ ಉಸಿರು ಮೇಲೆಯೇ ನಿಂತು ಭುಜ ಎತ್ತರವಾಗುತ್ತದೆ. ಬೇಕೆಂದು ನಿಲ್ಲಿಸಿದಾಗ ಉಸಿರು ಕೆಳಗಿಳಿಯುತ್ತದೆ. ಹದಿನಾಲ್ಕು ದಿನ ಅವರ ಬೆನ್ನನ್ನೇ ನೋಡುತ್ತ ಕುಳಿತರೆ ನಿಮಗೆ ಅದು ಬರುತ್ತದೆ.

ಹಳೆಯ ಕನಾತು (ಗದಗ) · ಶುಕ್ರವಾರ, ಬೆಳಗ್ಗೆ 7.30

ನಾನು ಅವ್ವನ ಪರವಾಗಿ ಅಷ್ಟು ಜೋರಾಗಿ ವಾದಿಸಿದೆ. ಅವರಿಗೆ ಪ್ರಾಂಪ್ಟರ್ ಬೇಕಿರಬಹುದು ಎಂದು ನನಗೂ ಹೊಳೆಯಲಿಲ್ಲ. ಪ್ರಾಂಪ್ಟರ್ ಇಲ್ಲದ ಕಂಪನಿಯನ್ನು ನಾನು ಕಂಡೇ ಇಲ್ಲ, ಆದರೂ ಹೊಳೆಯಲಿಲ್ಲ. ನಿಮ್ಮ ನಿರ್ದೇಶಕನಿಗೆ ನನ್ನ ಮೆಚ್ಚುಗೆ ತಿಳಿಸಿ. ತಲೆ ತಗ್ಗಿಸಿಯಾದರೂ ಸರಿ, ಹೇಳಿದನಲ್ಲ.

ದನಿಯ ವಿಷಯ ಮಾತ್ರ ಬಿಡುವುದಿಲ್ಲ. ಕಾಲರ್ ಮೈಕ್ ಹಾಕಬೇಡಿ.

ಮೂರನೇ ಬೆಲ್ (ಧಾರವಾಡ) · ಮುಂದಿನ ಬುಧವಾರ, ರಾತ್ರಿ 10.00

ಮೈಕ್ ಬಿಟ್ಟಿದ್ದೇವೆ. ನಿರ್ದೇಶಕನಿಗೆ ಒಂದು ದಾರಿ ಕಂಡಿದೆ. ನಮ್ಮ ವಿದ್ಯಾರ್ಥಿನಿ ದ್ರೌಪದಿ ಮೊದಲ ದೃಶ್ಯದಲ್ಲಿ ಮೆಲ್ಲಗೆ ಮಾತಾಡುತ್ತಾಳೆ. ರಾತ್ರಿ ಮುಂದುವರಿದಂತೆ ದನಿ ಏರುತ್ತ ಹೋಗುತ್ತದೆ, ಸುದ್ದಿ ತಿಳಿಯುವ ಹೊತ್ತಿಗೆ ಅವ್ವನ ದನಿಯ ಅಂಚಿಗೆ ಮುಟ್ಟಿರುತ್ತದೆ. ಮಕ್ಕಳ ಹೆಸರು ಕೂಗುವಾಗ ಐದು ಹೆಸರಲ್ಲಿ ಮೊದಲ ಮೂರನ್ನು ಅವಳು ಕೂಗುತ್ತಾಳೆ. ನಾಲ್ಕನೆಯದನ್ನು ಇಬ್ಬರೂ ಒಟ್ಟಿಗೆ. ಐದನೆಯದನ್ನು ಅವ್ವ ಒಬ್ಬರೇ, ಹಿಂದಿನಿಂದ ಬರುತ್ತ. ಹುಡುಗಿ ಅಲ್ಲಿಯೇ ಕುಸಿದು ಕೂರುತ್ತಾಳೆ, ಏಳುವವರು ಅವ್ವ.

ಇದನ್ನು ಮೊದಲ ಸಲ ಮಾಡಿದಾಗ ಹುಡುಗಿಯ ದನಿ ಒಡೆಯಿತು. ಅವ್ವ ತಾಲೀಮು ನಿಲ್ಲಿಸಿ ಅವಳ ಹೊಟ್ಟೆಯ ಮೇಲೆ ಕೈ ಇಟ್ಟು, “ಗಂಟಲಿಂದ ಕೂಗಿದರೆ ನಾಳೆ ದನಿ ಇರುವುದಿಲ್ಲ, ಇಲ್ಲಿಂದ ತೆಗೆ. ನಾವು ಒಂದೇ ದಿನ ಎರಡು ಆಟ ಮಾಡುತ್ತಿದ್ದೆವು” ಎಂದರು. ಅಂದಿನಿಂದ ತಾಲೀಮಿಗೆ ಅರ್ಧ ಗಂಟೆ ಮೊದಲು ಬಂದು ಎಲ್ಲ ಹುಡುಗರನ್ನೂ ಸಾಲಾಗಿ ನಿಲ್ಲಿಸಿ ದನಿ ತೆಗೆಸುತ್ತಾರೆ. ಈಗ ಕೋಣೆ ಮೌನವಾಗಿರುವುದಿಲ್ಲ. ಸೈನಿಕನ ಪಾತ್ರದ ಹುಡುಗ ನಿನ್ನೆ ಅವರಿಗೆ, “ಅವ್ವಾ, ನೀವು ನನ್ನ ಬೆಳಕಿಗೆ ಅಡ್ಡ ನಿಂತಿದ್ದೀರಿ” ಎಂದ. ನನ್ನ ಎದೆ ಧಸಕ್ಕೆಂದಿತು. ಅವರು ಒಂದು ಹೆಜ್ಜೆ ಸರಿದು ಮಾತು ಮುಂದುವರಿಸಿದರು.

ಪೇಟಿ ಮಾಸ್ತರರ ಮಗನಿಗೆ ವಿಶೇಷ ಕೃತಜ್ಞತೆ. ನಿಮ್ಮ ತಂದೆ ಹೇಳಿಕಳಿಸಿದ ಮಾಸ್ತರರೇ ಈಗ ನಮ್ಮ ನಾಟಕಕ್ಕೆ ಪೇಟಿ ನುಡಿಸುತ್ತಿದ್ದಾರೆ.

ಹೊನ್ನಾವರದ ಹಾದಿ · ಗುರುವಾರ, ಬೆಳಗ್ಗೆ 8.20

ಐದು ಹೆಸರುಗಳ ಆ ಹಂಚಿಕೆಯನ್ನು ಓದಿ ಮೈ ಜುಮ್ಮೆಂದಿತು. ಪ್ರದರ್ಶನಕ್ಕೆ ಬರುತ್ತೇನೆ.

ಮೂರನೇ ಬೆಲ್ (ಧಾರವಾಡ) · ಪ್ರದರ್ಶನದ ಮರುದಿನ, ಮಧ್ಯಾಹ್ನ 2.15

ನಿನ್ನೆ ನಾಟಕವಾಯಿತು. ಸಭಾಂಗಣ ತುಂಬಿತ್ತು, ಹಿಂದೆ ಗೋಡೆಗೆ ಒರಗಿ ನಿಂತವರೂ ಇದ್ದರು. ನಾಟಕ ಬಿಟ್ಟುಹೋಗಿದ್ದ ಹುಡುಗ ಟಿಕೆಟ್ ಮೇಜಿನ ಹತ್ತಿರ ಬಂದು ನಿಂತಿದ್ದ, ಕೊನೆಯವರೆಗೂ ಕುರ್ಚಿ ಹಾಕಿದ.

ನಾನು ಎಡ ವಿಂಗಿನಲ್ಲಿ ಕೆಂಪು ಕಾಗದ ಸುತ್ತಿದ ಟಾರ್ಚ್ ಹಿಡಿದು ಕುಳಿತಿದ್ದೆ. ಅವ್ವನಿಗೆ ಇಡೀ ನಾಟಕದಲ್ಲಿ ನಾಲ್ಕು ಸಲ ಪದ ಕೊಟ್ಟೆ. ಒಂದು ಸಲ ತಪ್ಪಿದೆ, ಅವರು ಬೇಕೆಂದು ನಿಲ್ಲಿಸಿದ ಜಾಗದಲ್ಲಿ ಕೊಟ್ಟುಬಿಟ್ಟೆ. ಅವರು ಆ ಪದವನ್ನು ಕೇಳಿಸಿಕೊಳ್ಳದವರಂತೆ, ತಮಗೆ ಬೇಕಾದಷ್ಟು ಹೊತ್ತು ನಿಂತು, ಆಮೇಲೆ ಎತ್ತಿಕೊಂಡರು. ಅದು ನನ್ನ ತಪ್ಪು. ರಾತ್ರಿ ನಿದ್ದೆ ಬರಲಿಲ್ಲ.

ಹಾಡಿನ ಬಗ್ಗೆ ಹೇಳಬೇಕು. ಒಂಬತ್ತು ಹೆಜ್ಜೆ ಮುಂದೆ ಬಂದು ಹಾಡಿದರು. ಮುಗಿದಾಗ ಹಿಂದಿನ ಸಾಲುಗಳಿಂದ ‘ಒನ್ಸ್ ಮೋರ್’ ಎದ್ದಿತು. ಮೊದಲು ಒಬ್ಬರು, ಆಮೇಲೆ ಅರ್ಧ ಸಭಾಂಗಣ. ವಯಸ್ಸಾದವರೇ ಹೆಚ್ಚು. ಕಂಪನಿಯಲ್ಲಾಗಿದ್ದರೆ ಅವರು ನಮಸ್ಕರಿಸಿ ಪಲ್ಲವಿಯಿಂದ ಮತ್ತೆ ಎತ್ತಿಕೊಳ್ಳುತ್ತಿದ್ದರು. ಮಾಸ್ತರರ ಬೆರಳು ಪೇಟಿಯ ಮೇಲೆ ತಯಾರಾಗಿಯೇ ಇತ್ತು. ಅವ್ವ ಪ್ರೇಕ್ಷಕರನ್ನು ನೋಡಲಿಲ್ಲ. ಕತ್ತು ಸ್ವಲ್ಪವೇ ತಿರುಗಿಸಿ, ನನ್ನ ಹಿಂದೆ ವಿಂಗಿನಲ್ಲಿ ನಿಂತಿದ್ದ ನಿರ್ದೇಶಕನನ್ನು ನೋಡಿದರು. ಕೇಳುತ್ತಿದ್ದರು. ಅವನಿಗೆ ಇಪ್ಪತ್ತೊಂದು ವರ್ಷ. ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವನು ಬೇಡ ಎಂದು ತಲೆಯಾಡಿಸಿದ. ಅವ್ವ ಹಾಗೆಯೇ ನೆಲಕ್ಕೆ ಕುಳಿತು, ಕುಸಿದಿದ್ದ ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಮಾತು ಹೇಳಿದರು. ಕೂಗುತ್ತಿದ್ದವರು ನಡುವೆಯೇ ನಿಂತರು.

ಹಳೆಯ ಕನಾತು (ಗದಗ) · ಅದೇ ದಿನ, ಮಧ್ಯಾಹ್ನ 3.05

ನಾನು ಏಳನೆಯ ಸಾಲಿನಲ್ಲಿದ್ದೆ. ‘ಒನ್ಸ್ ಮೋರ್’ ಎಂದವರಲ್ಲಿ ನಾನೂ ಒಬ್ಬ. ಆ ಹಾಡನ್ನು ಇನ್ನೊಮ್ಮೆ ಕೇಳುವ ಅವಕಾಶ ನನಗೆ ಈ ಜನ್ಮದಲ್ಲಿ ಸಿಗುತ್ತದೆಯೋ ಇಲ್ಲವೋ. ನಿಮ್ಮ ಹುಡುಗ ಬೇಡ ಎಂದದ್ದು ಸರಿ ಎಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅವರು ತೊಡೆಯ ಮೇಲೆ ಆ ಮಗುವಿನ ತಲೆ ಇಟ್ಟುಕೊಂಡಾಗ ನಾನು ಕೂಗುವುದನ್ನು ನಿಲ್ಲಿಸಿದೆ, ಪಕ್ಕದವರ ಕೈಯನ್ನೂ ಹಿಡಿದೆ.

ಮೂರನೇ ಬೆಲ್ (ಧಾರವಾಡ) · ಅದೇ ದಿನ, ಸಂಜೆ 5.30

ಕನಾತು ಅವರೇ, ಅವನೂ ರಾತ್ರಿ ಪೂರ್ತಿ ಅದನ್ನೇ ಕೇಳುತ್ತಿದ್ದ: ತಪ್ಪು ಮಾಡಿದೆನೇ ಎಂದು. ಬೆಳಗ್ಗೆ ಅವ್ವನಿಗೆ ಫೋನ್ ಮಾಡಿ ಕೇಳಿದ. “ನೀನು ಹೂಂ ಎಂದಿದ್ದರೆ ಹಾಡುತ್ತಿದ್ದೆ, ಬೇಡ ಎಂದೆ, ಬಿಟ್ಟೆ. ಅದನ್ನು ನಿನ್ನೆಗೇ ಮುಗಿಸು ತಮ್ಮಾ. ಎರಡನೆಯ ಪ್ರದರ್ಶನ ಯಾವಾಗ?” ಎಂದರಂತೆ. ಎರಡನೆಯ ಪ್ರದರ್ಶನದ ಯೋಚನೆ ನಮಗೆ ಇರಲೇ ಇಲ್ಲ. ಈಗ ಸಭಾಂಗಣ ಹುಡುಕುತ್ತಿದ್ದೇವೆ.

ಪೇಟಿ ಮಾಸ್ತರರ ಮಗ (ಹುಬ್ಬಳ್ಳಿ) · ಅದೇ ದಿನ, ರಾತ್ರಿ 8.45

ತಂದೆಯವರು ಬರಲಾಗಲಿಲ್ಲ, ಮೆಟ್ಟಿಲು ಹತ್ತಲಾರರು. ಇಡೀ ದಿನ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಕೊನೆಗೆ ಎಷ್ಟಕ್ಕೆ ಹಾಡಿದರು? ಬಿಳಿ ನಾಲ್ಕೇ?

ಮೂರನೇ ಬೆಲ್ (ಧಾರವಾಡ) · ಅದೇ ದಿನ, ರಾತ್ರಿ 9.10

ತಾಲೀಮಿನಲ್ಲೆಲ್ಲ ಬಿಳಿ ನಾಲ್ಕು. ನಿನ್ನೆ ಎರಡನೆಯ ಬೆಲ್ ಆದ ಮೇಲೆ, ಬಣ್ಣ ಹಚ್ಚಿಕೊಂಡು ವಿಂಗಿಗೆ ಬಂದವರು ಮಾಸ್ತರರ ಹತ್ತಿರ ಬಗ್ಗಿ, “ಇವತ್ತು ಒಂದು ಮನೆ ಮೇಲೆ, ಕಪ್ಪು ಮೂರು ಕೊಡಿ” ಎಂದರು.